ಜಂಬುಲಿಂಗಪ್ಪನವರ ಲ್ಯಾಪ್‌ಟಾಪು ಹೊಸದಾದದ್ದು

ನಮ್ಮ ದೊಡ್ಡಪ್ಪ ಜಂಬುಲಿಂಗಪ್ಪನವರಿಗೆ ಗೊಂದಲವಾಗದ ಜಾಗ ಈ ಭೂಮಿಯ ಮೇಲೆ ಒಂದೇ ಇತ್ತು, ಅವರ ಮಗ್ಗದ ಗುಣಿ. ಅಲ್ಲಿ ಕಾಲು ಇಳಿಬಿಟ್ಟು ಕುಳಿತರೆಂದರೆ ಯಾವ ಎಳೆ ಎಲ್ಲಿ ಸಡಿಲವಾಗಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುವರು. ಮೇಲೆದ್ದು ಬಂದರೋ, ಮುಗಿಯಿತು. ಚಳ್ಳಕೆರೆಗೆಂದು ಹೊರಟು ಮೊಳಕಾಲ್ಮೂರು ಬಸ್ ಸ್ಟ್ಯಾಂಡಿನಲ್ಲಿ ರಾಯದುರ್ಗದ ಬಸ್ಸು ಹತ್ತಿ, ಆಂಧ್ರದಲ್ಲಿ ಇಳಿದು, ಊರಿಗೆ ಊರೇ ತೆಲುಗು ಮಾತಾಡುವುದನ್ನು ಕೇಳಿ 'ಚಳ್ಳಕೆರೆ ಎಷ್ಟು ಬದಲಾಯ್ತಪ್ಪ' ಎಂದುಕೊಂಡ ಮನುಷ್ಯ ಅವರು. ಒಂದು ಸಲ ನೆಂಟರ ಮದುವೆಗೆ ಹೋಗಿ, ಪಕ್ಕದ ಛತ್ರದಲ್ಲಿ ಉಂಡು, ಗುರುತಿಲ್ಲದ ಮದುಮಗನಿಗೆ ಮುಯ್ಯಿ ಕೊಟ್ಟು, ಗಂಡಿನ ಕಡೆಯವರು ಬಹಳ ಒಳ್ಳೆಯ ಜನ ಎಂದು ಹೊಗಳುತ್ತಾ ಮನೆಗೆ ಬಂದಿದ್ದರು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸವೇ ಅವರಿಗಿರಲಿಲ್ಲ. ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ ಅವರದು ಒಂದೇ ಉತ್ತರ, "ಹ್ಞೂಂ".

ನಾನು ದಾಕ್ಷಾಯಿಣಿ, ಅವರ ಹೆಂಡತಿ ಬಸವಲಿಂಗಮ್ಮನ ತಂಗಿಯ ಮಗಳು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಪಕ್ಕದ ಓಣಿಯೊಳಗೆ ಆಗ ಒಂದು ಕಂಪ್ಯೂಟರ್ ತರಬೇತಿ ಸೆಂಟರ್ ಇಟ್ಟುಕೊಂಡಿದ್ದೆ. ದೊಡ್ಡವ್ವನಿಗೆ ಮಕ್ಕಳಿಲ್ಲ. ಚಿಕ್ಕವಳಿದ್ದಾಗ ನನ್ನ ಬೇಸಿಗೆ ರಜೆಯೆಲ್ಲ ಮೊಳಕಾಲ್ಮೂರಿನ ಆ ಮನೆಯಲ್ಲೇ ಕಳೆಯುತ್ತಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ, ಅದು ಮನೆಯವರಿಗೆಲ್ಲ ಗೊತ್ತು. ದೊಡ್ಡಪ್ಪನ ವಿಷಯದಲ್ಲಂತೂ ಬರದಿದ್ದರೆ ಅವರೇ "ಯಾಕವ್ವ, ಮೈಯಾಗೆ ಸರಿ ಇಲ್ವಾ?" ಎಂದು ಕೇಳುತ್ತಿದ್ದರು.

ಆ ಮನೆಯಲ್ಲಿ ಮಾತೆಲ್ಲ ದೊಡ್ಡವ್ವನದು. ದೊಡ್ಡಪ್ಪ ಮಗ್ಗದಲ್ಲಿ ಲಾಳಿ ಆಡಿಸುತ್ತಿದ್ದರೆ ಅವಳು ಪಕ್ಕದಲ್ಲಿ ರಾಟೆಯ ಮುಂದೆ ಕುಳಿತು ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವಳು. ಕೈಯಲ್ಲಿ ನೂಲು ಓಡಿದಷ್ಟೂ ಬಾಯಲ್ಲಿ ಮಾತು. ಪಕ್ಕದ ಮನೆ ಯರ್ರಮ್ಮನ ಅತ್ತೆ ಏನಂದಳು, ಸಂತೆಯಲ್ಲಿ ಈರುಳ್ಳಿ ಹೇಗಿತ್ತು, ಮೂವತ್ತು ವರ್ಷದ ಹಿಂದೆ ಅತ್ತೆಮನೆಗೆ ಬಂದ ಹೊಸದರಲ್ಲಿ ತನಗೆ ಯಾರು ಹಳಸಿದ ಸಾರು ಬಡಿಸಿದರು, ಎಲ್ಲವೂ ಬರುತ್ತಿತ್ತು. ದೊಡ್ಡಪ್ಪನದು ನಡುನಡುವೆ "ಹ್ಞೂಂ". ಅವರು ಕೇಳಿಸಿಕೊಳ್ಳುತ್ತಾರೋ ಇಲ್ಲವೋ ಎಂದು ನಮ್ಮವ್ವನಿಗೆ ಯಾವಾಗಲೂ ಅನುಮಾನ. ಒಂದು ದಿನ ದೊಡ್ಡವ್ವನೇ ಪರೀಕ್ಷೆಗೆಂದು, "ರೀ, ಹಿತ್ತಲಾಗೆ ಕೊಡ ಒಡೀತು" ಅಂದಳು. "ಹ್ಞೂಂ". "ರೀ, ಮನೆಗೆ ಬೆಂಕಿ ಬಿತ್ತು". "ಹ್ಞೂಂ". "ರೀ, ನಾನು ಯರ್ರಮ್ಮನ ಗಂಡನ ಜೊತೆ ಓಡಿ ಹೋಗ್ತೀನಿ". "ಹ್ಞೂಂ, ಸಂಜಿಕೆ ಬಂದುಬಿಡು". ಇದನ್ನು ಹೇಳಿ ಹೇಳಿ ನಗುತ್ತಿದ್ದಳು ದೊಡ್ಡವ್ವ. ನಕ್ಕು ಮುಗಿದ ಮೇಲೆ ಒಮ್ಮೆ ಮಗ್ಗದ ಕಡೆ ತಿರುಗಿ ನೋಡುವಳು, ನಾನು ಕಂಡಿದ್ದೇನೆ.

ಎರಡು ಸಾವಿರದ ಎಂಟನೇ ಇಸವಿ. ಇನ್ನು ಮೇಲೆ ಸೀರೆಯ ಅಂಚು, ಬುಟ್ಟಾ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಬರೆಯುತ್ತಾರೆ, ಚೌಕುಳಿ ಹಾಳೆಯ ಕಾಲ ಮುಗಿಯಿತು ಎಂದು ಸೀರೆ ವ್ಯಾಪಾರಿಯೊಬ್ಬರು ದೊಡ್ಡಪ್ಪನಿಗೆ ಹೇಳಿದರು. ದೊಡ್ಡಪ್ಪ "ಹ್ಞೂಂ" ಅಂದರು. ಒಂದು ಸಲ ಹ್ಞೂಂ ಅಂದದ್ದಕ್ಕೆ ಕಟ್ಟುಬಿದ್ದು ಚಳ್ಳಕೆರೆಗೆ ಬಂದು ನನ್ನ ಸೆಂಟರಿನ ಮೂಲಕ ಒಂದು ಹೊಸ ಲ್ಯಾಪ್‌ಟಾಪು ಕೊಂಡರು. ಬೇಡಿ ದೊಡ್ಡಪ್ಪ, ನಿಮಗೆ ಹತ್ತುವುದಿಲ್ಲ ಎಂದು ನಾನು ಬಡಿದುಕೊಂಡೆ. ಅವರು ಅದನ್ನು ಹಳೆಯ ರೇಷ್ಮೆ ಪಂಚೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಬಸ್ಸು ಹತ್ತಿದರು.

ಅದರಲ್ಲಿ ಅವರು ಬರೆದದ್ದು ಅರ್ಧ ಮಾವಿನಕಾಯಿ ಬುಟ್ಟಾ ಮಾತ್ರ. ಉಳಿದರ್ಧ ಯಾವ ಕಡೆಯಿಂದ ಬರೆಯಬೇಕು ಎಂದು ತಿಳಿಯದೆ ಬಿಟ್ಟುಬಿಟ್ಟರು. ಆದರೆ ತಂದ ಮೊದಲ ದಿನವೇ ಇನ್ನೊಂದು ನಡೆದಿತ್ತು. ಪರದೆಯ ಮೇಲ್ಗಡೆ ಸಣ್ಣ ಕ್ಯಾಮೆರಾ ಇತ್ತಲ್ಲ, ಅದು ಏನೆಂದು ತಿಳಿಯದೆ ಎಲ್ಲೆಲ್ಲೋ ಒತ್ತುತ್ತಾ ಹೋದ ದೊಡ್ಡಪ್ಪ ಅದನ್ನು ಶುರು ಮಾಡಿ, ಹಾಗೆಯೇ ಮಗ್ಗದ ಮೇಲೆ ಇಟ್ಟುಬಿಟ್ಟಿದ್ದರು. ಎದುರಿಗೆ ರಾಟೆಯ ಮುಂದೆ ಕುಳಿತ ದೊಡ್ಡವ್ವ ಅವರಿಗೆ ಬೈಯುತ್ತಿದ್ದಳು. ಅದಷ್ಟೂ ಒಳಗೆ ಸೇರಿಕೊಂಡಿತು. ಆಮೇಲೆ ನಾನು ಹೋದಾಗ ಅದನ್ನು ಹುಡುಕಿ ತೆಗೆದು ತೋರಿಸಿದೆ.

"ನಿಮಗೆ ಬುದ್ಧಿ ಐತೇನ್ರಿ?" ಎಂದು ಶುರುವಾಗುತ್ತಿತ್ತು ಅದು. ತಲೆ ಮೇಲೆ ಹೆಂಚು ಸೋರುತ್ತಿದೆ, ಅದು ಕಾಣಲಿಲ್ಲ, ಈ ಕರೀ ಹಲಗೆ ಬೇಕಾಯಿತಾ, ಇದೇನು ಕಂಡಿಕೆ ಸುತ್ತುತ್ತದಾ, ನೀರು ಸೇದುತ್ತದಾ ಎಂದು ಮುಂದುವರಿಯುತ್ತಿತ್ತು. ನಡುವೆ ಮೂಗು ಒರೆಸಿಕೊಳ್ಳಲು ಒಂದು ಅಪ್ಪಣೆ, ನುಂಕಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋಗಲಿಲ್ಲವೆಂಬ ಹಳೆಯ ದೂರು. ಕೊನೆಯಲ್ಲಿ, "ನಾನು ಇಷ್ಟೊತ್ತು ಏನಂದೆ, ತಿರುಗಿ ಹೇಳ್ರಿ ನೋಡಾನ". ಕಾಣದ ಕಡೆಯಿಂದ ದೊಡ್ಡಪ್ಪನ ದನಿ, "ಹ್ಞೂಂ". ದೊಡ್ಡವ್ವ ಹಣೆ ಚಚ್ಚಿಕೊಂಡು ನಗುವಾಗ ಅದು ಮುಗಿಯುತ್ತಿತ್ತು.

"ಅಯ್ಯೋ, ನಾನು ಹಿಂಗೆ ಕಾಣ್ತೀನಾ? ತೆಗಿಯವ್ವ ಅದನ್ನ" ಎಂದು ಆಗ ಸೆರಗು ಅಡ್ಡ ಹಿಡಿದಿದ್ದಳು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ಮುಂದಿನ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ದೊಡ್ಡವ್ವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಮಾತು ಹೋಯಿತು. ಎಲ್ಲ ತಿಳಿಯುತ್ತಿತ್ತು, ಹೇಳಲು ಬರುತ್ತಿರಲಿಲ್ಲ. ಬಾಯಿ ತೆರೆದರೆ ಎಳೆದ ಹಾಗೆ ಒಂದು ದನಿ ಬರುವುದು, ಅದಕ್ಕೆ ತಾನೇ ನಾಚಿಕೊಂಡು ಎಡಗೈಯಿಂದ ಸೆರಗು ಬಾಯಿಗೆ ಮುಚ್ಚಿಕೊಳ್ಳುವಳು. ಮೊದಮೊದಲು ಪ್ರಯತ್ನ ಮಾಡಿದಳು, ಆಮೇಲೆ ಆ ದನಿಯನ್ನೂ ಬಿಟ್ಟಳು. ಅಷ್ಟು ಮಾತಾಡಿದವಳ ಮನೆ ಒಂದೇ ಸಲಕ್ಕೆ ಸುಮ್ಮನಾದರೆ ಹೇಗಿರುತ್ತದೆ! ನನಗೆ ಅಲ್ಲಿ ಕುಳಿತುಕೊಳ್ಳಲು ಆಗುತ್ತಿರಲಿಲ್ಲ. ದೊಡ್ಡಪ್ಪ ಅಭ್ಯಾಸಬಲದಿಂದ ಮಗ್ಗದಲ್ಲಿ ಕುಳಿತು ಯಾರೂ ಏನೂ ಹೇಳದಿದ್ದರೂ ಆಗಾಗ "ಹ್ಞೂಂ" ಅನ್ನುವರು. ಅಂದು, ತಲೆಯೆತ್ತಿ ನೋಡಿ, ಮತ್ತೆ ಲಾಳಿ ಹಿಡಿಯುವರು.

ಆಗ ಆ ಲ್ಯಾಪ್‌ಟಾಪು ಉಪಯೋಗಕ್ಕೆ ಬಂತು. ಒಂದು ಸಂಜೆ ದೊಡ್ಡಪ್ಪ ಅದನ್ನು ದೊಡ್ಡವ್ವನ ಮಂಚದ ಮೇಲಿಟ್ಟು ನಾನು ತೋರಿಸಿಕೊಟ್ಟ ಹಾಗೆ ಒತ್ತಿದರು. ತನ್ನ ಬೈಗುಳ ತಾನೇ ಕೇಳಿ ದೊಡ್ಡವ್ವ ಅತ್ತಳಂತೆ, ಆಮೇಲೆ ನಕ್ಕಳಂತೆ. ಮಾರನೆಯ ಸಂಜೆ ತಾನೇ ಎಡಗೈ ತೋರಿಸಿ ಹಾಕು ಎಂದಳು. ಆಮೇಲೆ ಅದು ಪ್ರತಿ ಸಂಜೆಯ ಪದ್ಧತಿಯಾಯಿತು. ದೀಪ ಹಚ್ಚುವುದು, ವಿಭೂತಿ ಹಚ್ಚಿಕೊಳ್ಳುವುದು, ಬೈಸಿಕೊಳ್ಳುವುದು. "ಏನಂದೆ, ತಿರುಗಿ ಹೇಳ್ರಿ ನೋಡಾನ" ಎಂಬಲ್ಲಿಗೆ ಬಂದಾಗ ದೊಡ್ಡವ್ವ ಗಂಡನ ಮುಖ ನೋಡುವಳು. ದೊಡ್ಡಪ್ಪ ನೆಲ ನೋಡುವರು.

"ಅದನ್ನ ಒಂದು ಸಿಡಿಗೆ ಹಾಕಿಸಿ ಇಟ್ಕೊಳ್ರಿ ದೊಡ್ಡಪ್ಪ" ಎಂದು ನಾನು ಹೇಳಿದ್ದೆ.

"ಮನೇಲೇ ಐತಲ್ಲವ್ವ, ಎಲ್ಲಿಗೆ ಹೋಗ್ತೈತೆ?" ಅಂದಿದ್ದರು.

ಆ ವರ್ಷ ಮಳೆಗಾಲದ ಹೊತ್ತಿಗೆ ಯಂತ್ರ ನಿಧಾನವಾಯಿತು. ಮಗ್ಗದ ಮನೆಯ ಧೂಳೋ, ಯಾರೋ ಹಾಕಿಕೊಟ್ಟ ಹಾಡುಗಳ ಜೊತೆ ಬಂದ ವೈರಸ್ಸೋ, ದೊಡ್ಡವ್ವನ ಬೈಗುಳ ತಡವರಿಸತೊಡಗಿತು. "ನಿಮಗೆ ಬು... ಬು... ಬುದ್ಧಿ" ಎಂದು ನಿಂತುಬಿಡುತ್ತಿತ್ತು. ಯಂತ್ರದೊಳಗೂ ಮಾತು ಕೈಕೊಡುವುದನ್ನು ಕಂಡು ದೊಡ್ಡವ್ವ ಗಾಬರಿಯಾದಳು. ಅದನ್ನು ನೋಡಿ ದೊಡ್ಡಪ್ಪ ತಡೆದುಕೊಳ್ಳಲಾರದೆ ಬಸ್ ಸ್ಟ್ಯಾಂಡಿನ ಬಳಿ ಮೊಬೈಲ್ ಅಂಗಡಿ ಇಟ್ಟಿದ್ದ ಅಂಜಿನೇಯನ ಹತ್ತಿರ ಹೋದರು.

ಅಂಜಿನೇಯ ಮೋಸಗಾರನಲ್ಲ. ನಾನೇ ಆಮೇಲೆ ಅವನ ಮೇಲೆ ಜಗಳಕ್ಕೆ ಹೋಗಿ ವಿಚಾರಿಸಿದ್ದೇನೆ. ಅವನು ಸರಿಯಾಗಿಯೇ ಹೇಳಿದ್ದ. "ಮಾಮಾ, ಇದಕ್ಕೆ ಒಂದೇ ಉಪಾಯ. ಕಾರ್ಖಾನೆಯಿಂದ ಬಂದಾಗ ಹೆಂಗಿತ್ತೋ ಹಂಗೆ ಮಾಡಿಬಿಡಾನ. ಹೊಸದರಂಗೆ ಓಡ್ತೈತೆ. ಆದ್ರೆ ಹಳೇದೆಲ್ಲಾ ಹೋಗ್ತೈತೆ. ಅಂತಾ ಪೋತುಂದಿ. ಪರವಾಗಿಲ್ವಾ?" ಎಂದು ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ ಕೇಳಿದ್ದ.

"ಹೋಗ್ಲಿ ಬಿಡಪ್ಪ. ಹಳೇದು ಹೋದ್ರೇನೇ ಅಲ್ವಾ ಹೊಸದು ಹತ್ತೋದು?" ಅಂದರಂತೆ ದೊಡ್ಡಪ್ಪ. ಅವರು ಜೀವನದಲ್ಲಿ ಅಷ್ಟು ಖಡಾಖಂಡಿತವಾಗಿ ಮಾತಾಡಿದ್ದು ಅಪರೂಪ. ಯಂತ್ರ ಕೂಡ ತನ್ನ ಪಾಲಿಗೆ ಕೇಳಿತು, ಎಲ್ಲ ಅಳಿಸಲಾ ಎಂದು. ಅಂಜಿನೇಯ ಓದಿ ಹೇಳಿದ. ದೊಡ್ಡಪ್ಪ ತಾವೇ ಬೆರಳು ಚಾಚಿ ಗುಂಡಿ ಒತ್ತಿದರು.

ಯಾಕೆ ಒತ್ತಿದರು ಎನ್ನುವುದು ಮಗ್ಗದ ಕೆಲಸ ಕಂಡವರಿಗಷ್ಟೇ ತಿಳಿಯಬೇಕು. ಮೊಳಕಾಲ್ಮೂರಿನಲ್ಲಿ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಹೂಡಿದ ನೂಲು, ಮುಗಿದು ಕೊನೆಯ ಸೀರೆ ಕೊಯ್ದಾಗ ಮಗ್ಗವನ್ನು ಪೂರ್ತಿ ಖಾಲಿ ಮಾಡುವುದಿಲ್ಲ. ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ನಡುವೆ ಹಳೆಯ ಹಾಸಿನ ಎಳೆಗಳನ್ನು ಗೇಣುದ್ದ ಹಾಗೇ ಬಿಟ್ಟಿರುತ್ತಾರೆ. ಹೊಸ ಹಾಸು ಬಂದಾಗ ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ಒಂದೊಂದು ಎಳೆಗೆ ಹೊಸ ಒಂದೊಂದು ಎಳೆಯನ್ನು ಹೊಸೆದು ಕೂಡಿಸಿ ಆಚೆಗೆ ಎಳೆದುಕೊಳ್ಳುತ್ತಾರೆ. ಹಳೆಯದು ಹೋಗುತ್ತದೆ ಅಂದರೆ ಅದರ ತುದಿ ಉಳಿಯುತ್ತದೆ ಎಂದೇ ಅರ್ಥ. ಬರಿದಾದ ಹಣಿಗೆಗೆ ಮೊದಲಿನಿಂದ ಎಳೆ ಪೋಣಿಸುವುದು ಹೊಸ ಮಗ್ಗ ಹೂಡುವವನ ಪಾಡು. ದೊಡ್ಡಪ್ಪನ ಅಪ್ಪ ಹೂಡಿದ ಮಗ್ಗ ಅವರ ಕಾಲದಲ್ಲಿ ಒಮ್ಮೆಯೂ ಬರಿದಾಗಿರಲಿಲ್ಲ.

"ಅವಳು ಅದರಾಗೆ ಮಾತಾಡಿದ್ದು ಎಷ್ಟವ್ವ? ಗೇಣುದ್ದ" ಅಂದರು ನನಗೆ ಆಮೇಲೆ. "ಅಷ್ಟು ಉಳೀತೈತೆ ಅಂದ್ಕಂಡೆ."

ಮನೆಗೆ ಬಂದು ತೆರೆದರೆ ಪರದೆಯ ಮೇಲೆ ಹಸಿರು ಗುಡ್ಡದ ಚಿತ್ರ, ಒಂದು ಕಸದ ಬುಟ್ಟಿ. ಅದಕ್ಕೂ ಮೊದಲು ಯಂತ್ರ ಅವರ ಹೆಸರು ಕೇಳಿತಂತೆ. "ಇಷ್ಟು ದಿನ ನಮ್ಮನೇಲಿದ್ದು, ನೀವು ಯಾರು ಅಂತ ಕೇಳ್ತೈತಲ್ಲವ್ವ!" ಎಂಬುದು ಅವರ ದೊಡ್ಡ ಆಶ್ಚರ್ಯ. ಆ ಸಂಜೆ ದೊಡ್ಡವ್ವ ಎಡಗೈ ತೋರಿಸಿದಾಗ "ಕರೆಂಟಿಲ್ಲ ಕಣೆ" ಅಂದರು. ದೊಡ್ಡವ್ವ ತಲೆಯ ಮೇಲೆ ಉರಿಯುತ್ತಿದ್ದ ಬಲ್ಬನ್ನು ನೋಡಿದಳು. ಮಾರನೆಯ ದಿನ "ಚಾರ್ಜರ್ ಸುಟ್ಟೋಗೈತೆ" ಅಂದರು. ಅದರ ಮಾರನೆಯ ದಿನ ಬೆಳಿಗ್ಗೆ ಯರ್ರಮ್ಮನನ್ನು ಹೆಂಡತಿಯ ಬಳಿ ಕೂರಿಸಿ, ಲ್ಯಾಪ್‌ಟಾಪನ್ನು ಅದೇ ರೇಷ್ಮೆ ಪಂಚೆಯಲ್ಲಿ ಸುತ್ತಿಕೊಂಡು, ಬಸ್ಸಿನ ಹಲಗೆಯನ್ನು ಇಬ್ಬರ ಹತ್ತಿರ ಓದಿಸಿ ಖಾತ್ರಿ ಮಾಡಿಕೊಂಡು, ನನ್ನ ಸೆಂಟರಿಗೆ ಬಂದರು.

ನಾನು ಪಾಠ ನಿಲ್ಲಿಸಿ ಎಲ್ಲ ಕೇಳಿದೆ. ಕೇಳಿ ಪಿತ್ತ ನೆತ್ತಿಗೇರಿತು. "ಅಲ್ಲ ದೊಡ್ಡಪ್ಪ, ಒತ್ತೋಕೆ ಮುಂಚೆ ನನಗೊಂದು ಫೋನ್ ಮಾಡೋಕೆ ಆಗಲಿಲ್ವಾ?"

"ಹ್ಞೂಂ" ಅಂದರು.

ಯಾವ ಪ್ರಶ್ನೆಗೆ ಅದು ಯಾವ ಉತ್ತರ ಎಂದು ದೇವರಿಗೇ ಗೊತ್ತು. ಮಧ್ಯಾಹ್ನದವರೆಗೆ ಯಂತ್ರದೊಳಗೆ ಕೈಹಾಕಿ ಕುಳಿತೆ. ಅಳಿಸಿದ್ದನ್ನು ಹುಡುಕಿ ತೆಗೆಯುವ ತಂತ್ರಾಂಶಗಳು ನನ್ನಲ್ಲಿ ಇದ್ದವು, ಒಂದಾದ ಮೇಲೆ ಒಂದು ಹಾಕಿ ನೋಡಿದೆ. ಅರ್ಧ ಮಾವಿನಕಾಯಿ ಕೂಡ ಸಿಗಲಿಲ್ಲ. ದೊಡ್ಡಪ್ಪ ಎದುರು ಸ್ಟೂಲಿನ ಮೇಲೆ ಕುಳಿತು, ಆಪರೇಷನ್ ಕೋಣೆಯ ಹೊರಗಿನವರ ಹಾಗೆ, ನಾನು ತಲೆಯೆತ್ತಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು.

"ಇಲ್ಲ ದೊಡ್ಡಪ್ಪ. ಹೋಗೈತೆ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಅಳಿಸಿ ಹೋಗೈತೆ."

"ಅಲ್ಲವ್ವ, ಕುಂದು ಬಂದ ಸೀರೆನ ಅಂಗಡಿಯೋರು ನೇಕಾರನ ಮನೆಗೆ ವಾಪಸ್ ಕಳಿಸ್ತಾರೆ. ಇದು ಕಾರ್ಖಾನೇಲಿ ಇದ್ದಂಗೆ ಆಗೈತೆ ಅಂದ್ರೆ, ನಮ್ಮ ಮನೇಲಿ ಸೇರಿಕಂಡಿದ್ದು ಆ ಕಾರ್ಖಾನೆಗಾದ್ರೂ ಹೋಗಿರಬೇಕಲ್ಲ? ಅದು ಯಾವೂರಾಗೈತೆ ಹೇಳು. ನಾನೇ ಹೋಗಿ ಕೇಳ್ಕಂಡು ಬರ್ತೀನಿ."

"ಯಾವ ಕಾರ್ಖಾನೆಗೂ ಹೋಗಿಲ್ಲ. ಹೊಸದರಲ್ಲಿ ಹೆಂಗಿತ್ತು ಅನ್ನೋದನ್ನ ಇದರೊಳಗೇ ಒಂದು ಮೂಲೇಲಿ ಬಚ್ಚಿಟ್ಟಿರ್ತಾರೆ. ಈ ಗುಂಡಿ ಒತ್ತಿದ್ರೆ ಅದನ್ನ ತಂದು ಎಲ್ಲದರ ಮೇಲೆ ಸುರೀತೈತೆ."

ಅವರು ಲ್ಯಾಪ್‌ಟಾಪನ್ನು ತಿರುಗಿಸಿ ತಳ ನೋಡಿದರು. "ಹಂಗಾದ್ರೆ ಇದು ಯರ್ರಮ್ಮನ ಅತ್ತೆ ಇದ್ದಂಗೆ. ಮದುವೆಗೆ ಮುಂಚಿಂದೆಲ್ಲ ನೆನಪೈತೆ, ಬೆಳಿಗ್ಗೆ ಉಂಡಿದ್ದು ನೆನಪಿಲ್ಲ."

"ಹಂಗೇ ಅಂದ್ಕೊಳ್ರಿ."

"ಆ ಮುದುಕಿಗೆ ಒಂದೊಂದು ದಿನ ನೆನಪಾಗ್ತೈತೆ. ಇದಕ್ಕೂ ಆಗಬಹುದಲ್ಲ?"

ನೂರಾರು ಮಂದಿಗೆ ಕಂಪ್ಯೂಟರು ಹೇಳಿಕೊಟ್ಟವಳು ನಾನು, ಅಳಿಸಿ ಹೋದದ್ದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ ಮೇಲೆ ನನ್ನ ತಲೆಯೂ ಕೆಟ್ಟಿತು. ದೊಡ್ಡಪ್ಪ ಲ್ಯಾಪ್‌ಟಾಪಿನ ಪಕ್ಕದ ಸಂದಿಯಲ್ಲಿ ಕಣ್ಣಿಟ್ಟು ಒಳಗೆ ನೋಡಿದರು. "ಸೀರೆ ಬಿಚ್ಚಿದ್ರೆ ನೂಲಾದ್ರೂ ಕೈಗೆ ಬರ್ತೈತಲ್ಲವ್ವ" ಅಂದರು ಮೆಲ್ಲಗೆ. "ಇದರಾಗೆ ಏನೂ ಇಲ್ಲ. ನಾನೀಗ ಅವಳಿಗೆ ಏನು ಹೇಳ್ಲಿ?"

ಅವರನ್ನು ಒಬ್ಬರನ್ನೇ ಕಳಿಸಲು ಮನಸ್ಸಾಗದೆ ಸೆಂಟರಿಗೆ ಬೀಗ ಹಾಕಿ ನಾನೂ ಹೊರಟೆ. ಬಸ್ಸು ತಳಕು ದಾಟಿತು. ಕಿಟಕಿಯಾಚೆ ಶೇಂಗಾ ಹೊಲಗಳು, ಬಂಡೆಗುಡ್ಡ, ಕುರಿಮಂದೆ. ಬಿ.ಜಿ. ಕೆರೆ ಹತ್ತಿರ ಬಂದಾಗ ದೊಡ್ಡಪ್ಪನಿಗೆ ಒಂದು ಉಪಾಯ ಹೊಳೆಯಿತು.

"ದಾಕ್ಷಾಯಿಣಿ, ನಿನ್ನ ದನಿ ನಿಮ್ಮ ದೊಡ್ಡವ್ವನ ದನಿ ಇದ್ದಂಗೇ ಐತೆ. ನೀನು ಇದರೊಳಗೆ ನನ್ನ ಬೈದುಬಿಡು. ಅದನ್ನೇ ಹಾಕಾನ."

"ನಾಚಿಕೆ ಆಗಲ್ವಾ ದೊಡ್ಡಪ್ಪ? ದೊಡ್ಡವ್ವಗೆ ಮಾತು ಹೋಗೈತೆ, ಬುದ್ಧಿ ಹೋಗಿಲ್ಲ. ತನ್ನ ದನಿ ಅವಳಿಗೆ ಗೊತ್ತಾಗಲ್ವಾ? ಅಲ್ಲದೆ ಏನಂತ ಬೈಲಿ? ಅದರಾಗೆ ಏನೇನಿತ್ತೋ ನನಗೆಲ್ಲ ನೆನಪಿಲ್ಲ."

"ನಾನು ಹೇಳ್ಕೊಡ್ತೀನಿ" ಅಂದರು.

ನಾನು ಸಿಟ್ಟಿನಲ್ಲಿ ಮುಖ ಆಚೆ ತಿರುಗಿಸಿದ್ದೆ. ಆ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಮುಂದಿನ ಹಾನಗಲ್ ಕ್ರಾಸಿನಲ್ಲಿ ಬಸ್ಸು ಮೊಳಕಾಲ್ಮೂರಿನ ಕಡೆಗೆ ತಿರುಗುವಾಗ ಅವರು ಮಡಿಲಲ್ಲಿದ್ದ ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿದ್ದರು.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಯರ್ರಮ್ಮ ದೊಡ್ಡವ್ವನಿಗೆ ತಲೆ ಬಾಚಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದಳು. ನಮ್ಮನ್ನು ಕಂಡು ಎದ್ದು ಮನೆಗೆ ಹೋದಳು. ದೊಡ್ಡವ್ವ ನನ್ನ ಕೆನ್ನೆ ಸವರಿದಳು. ಆಮೇಲೆ ಗಂಡನ ಕಂಕುಳಲ್ಲಿದ್ದ ಗಂಟನ್ನು ನೋಡಿ, ನಾನು ಅದನ್ನು ರಿಪೇರಿ ಮಾಡಿ ತಂದೆನೆಂದು ತಿಳಿದು, ಮುಖ ಅರಳಿಸಿ ಎಡಗೈ ಚಾಚಿದಳು. ಹಾಕು ಎಂದು.

ಏನು ಮಾಡಲೂ ತೋಚದೆ ಲ್ಯಾಪ್‌ಟಾಪನ್ನು ಮಂಚದ ಮೇಲೆ ಇಟ್ಟು ತೆರೆದೆ. ಹಸಿರು ಗುಡ್ಡ ಬಂತು. ದೊಡ್ಡವ್ವನಿಗೆ ಓದು ಬಾರದು, ಆದರೆ ಎಲ್ಲಿ ಒತ್ತಿದರೆ ತಾನು ಬರುತ್ತೇನೆ ಎಂದು ಗೊತ್ತಿತ್ತು. ಮೇಲಿನ ಮೂಲೆಗೆ ಬೆರಳು ತೆಗೆದುಕೊಂಡು ಹೋದಳು. ಅಲ್ಲಿ ಏನೂ ಇರಲಿಲ್ಲ. ಪರದೆಯ ನಾಲ್ಕೂ ಮೂಲೆ ಬೆರಳಿಂದ ತಡವಿದಳು. ನನ್ನ ಕಡೆ ನೋಡಿದಳು.

"ದೊಡ್ಡವ್ವ, ಅದು ಕೆಟ್ಟು..." ಎಂದು ನಾನು ಸುಳ್ಳಿಗೆ ಶುರು ಮಾಡಿದೆ.

"ನಾನೇ ಅಳಿಸಿದೆ" ಅಂದರು ದೊಡ್ಡಪ್ಪ. "ತುದಿ ಉಳೀತೈತೆ ಅಂದ್ಕಂಡೆ. ಉಳೀಲಿಲ್ಲ."

ದೊಡ್ಡವ್ವ ಗಂಡನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು. ಬೆನ್ನು ಅಲುಗುತ್ತಿತ್ತು. ಅವಳ ಬೆನ್ನಿನ ಮೇಲೆ ಕೈಯಿಟ್ಟು ನಾನೂ ಅತ್ತೆ. ದೊಡ್ಡಪ್ಪ ಮಂಚದ ಹತ್ತಿರ ಬಂದರು, ಹಿಂದೆ ಹೋದರು, ನೀರಿನ ಲೋಟ ತೆಗೆದುಕೊಂಡರು, ಇಟ್ಟರು. ಕೊನೆಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದವರ ಹಾಗೆ ನೆಟ್ಟಗೆ ಹೋಗಿ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರು. ಈ ಹೊತ್ತಿನಲ್ಲಿ ಇವರಿಗೆ ನೇಯುವ ಕೆಲಸವೇ ಎಂದು ನನಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದೆ.

"ನಿಮಗೆ ಬುದ್ಧಿ ಐತೇನ್ರಿ?" ಅಂದರು ದೊಡ್ಡಪ್ಪ.

ನನ್ನನ್ನೇ ಕೇಳಿದರು ಎಂದುಕೊಂಡೆ. ದುಃಖದಲ್ಲಿ ತಲೆ ಕೆಟ್ಟಿತೇ ಎಂದೂ ಅನ್ನಿಸಿತು. ಅವರು ನಮ್ಮ ಯಾರ ಕಡೆಗೂ ನೋಡುತ್ತಿರಲಿಲ್ಲ. ಹಾಸಿನ ಮೇಲೆ ಕೈಯಿಟ್ಟುಕೊಂಡು, ಒಂದೇ ದನಿಯಲ್ಲಿ, ಒಂದೊಂದೇ ಎಳೆ ತೆಗೆಯುವ ಹಾಗೆ ಹೇಳುತ್ತಾ ಹೋದರು.

"ತಲೆ ಮೇಲೆ ಹೆಂಚು ಸೋರ್ತೈತೆ, ಅದು ಕಾಣಲಿಲ್ಲ, ಈ ಕರೀ ಹಲಗೆ ಬೇಕಾಯ್ತಾ? ಇದೇನು ಕಂಡಿಕೆ ಸುತ್ತುತೈತಾ, ನೀರು ಸೇದುತೈತಾ? ಇದನ್ನ ತೊಡೆ ಮೇಲೆ ಇಟ್ಕಂಡು ಕುಂತ್ರೆ ಯರ್ರಮ್ಮ ಬಿದ್ದು ಬಿದ್ದು ನಗಲ್ವಾ? ನುಂಕಪ್ಪನ ಬೆಟ್ಟಕ್ಕೆ ಹೋಗಿಬರಾನ ಅಂದ್ರೆ ಕಾಲು ನೋವು ಅಂದ್ರಿ..."

ಮಂಚದ ಮೇಲಿಂದ ಟಪ್ ಎಂದು ಸದ್ದಾಯಿತು. ದೊಡ್ಡವ್ವ ಇನ್ನೂ ಗೋಡೆಯ ಕಡೆಗೇ ಮುಖ ಮಾಡಿದ್ದಳು, ಆದರೆ ಎಡಗೈಯಿಂದ ಮಂಚ ಬಡಿದಿದ್ದಳು. ದೊಡ್ಡಪ್ಪ ನಿಲ್ಲಿಸಿದರು. ನನ್ನ ಕಡೆ ಒಂದು ಸಲ ನೋಡಿ ಸಂಕೋಚಪಟ್ಟುಕೊಂಡರು.

"ಮೂಗು ಒರೆಸ್ಕಳ್ರಿ ಮೊದಲು, ಮಗ್ಗದ ಧೂಳೆಲ್ಲ ಅಲ್ಲೇ ಐತೆ" ಎಂದು ಬಿಟ್ಟದ್ದನ್ನು ಸೇರಿಸಿದರು. ಸೇರಿಸಿ, ಹೆಗಲ ಮೇಲಿನ ಟವೆಲಿನಿಂದ ನಿಜವಾಗಿಯೂ ಮೂಗು ಒರೆಸಿಕೊಂಡರು. "ನುಂಕಪ್ಪನ ಬೆಟ್ಟಕ್ಕೆ ಹೋಗಿಬರಾನ ಅಂದ್ರೆ ಕಾಲು ನೋವು ಅಂದ್ರಿ. ಇದನ್ನ ತರಾಕೆ ಚಳ್ಳಕೆರೆಗೆ ಹೋಗುವಾಗ ಆ ಕಾಲು ಯಾರ ಮನೇಲಿ ಬಿಟ್ಟಿದ್ರಿ? ಕನ್ನಡಕ ಹಾಕಳ್ರಿ ಅಂತ ಬಡ್ಕಂತೀನಿ, ಕೇಳಲ್ಲ. ನಾಳೆ ನಾನೊಂದು ದಿನ ಮಲಗಿದ್ರೆ ಉಪ್ಪು ಎಲ್ಲೈತೆ ಅಂತಾದ್ರೂ ಗೊತ್ತೇನ್ರಿ ನಿಮಗೆ?"

"ಈಗ ಗೊತ್ತೈತೆ ಕಣೆ" ಅಂದರು, ತಮ್ಮದೇ ಮಾತಾಗಿ. "ಒಲೆ ಪಕ್ಕದ ಗೂಡಾಗೆ, ಹುಣಸೆಹಣ್ಣಿನ ಗಡಿಗೆ ಹಿಂದೆ."

ದೊಡ್ಡವ್ವ ನಿಧಾನವಾಗಿ ಈ ಕಡೆ ತಿರುಗಿದಳು. ನಾನು ಅವಳ ಭುಜ ಹಿಡಿದು ಕೂರಿಸಿದೆ. ಅವಳ ಕಣ್ಣು ಗಂಡನ ಬಾಯಿಯ ಮೇಲೆಯೇ ಇತ್ತು. ಅವಳು ಮತ್ತೆ ಮಂಚ ಬಡಿಯಲಿಲ್ಲ, ಒಂದು ಮಾತೂ ಹೆಚ್ಚುಕಮ್ಮಿಯಾಗದೆ ಬರುತ್ತಿತ್ತು. ನಾಲ್ಕು ನಿಮಿಷದ ಆ ಬೈಗುಳ ಮಾತ್ರವೇ ಅವರ ನೆನಪಲ್ಲಿರುವುದೋ, ಅದರ ಹಿಂದಿನ ಮೂವತ್ತು ವರ್ಷದ್ದೂ ಇದೆಯೋ ಎಂದು ನನಗೆ ಆಗ ಅನುಮಾನವಾಯಿತು. ಹಳಸಿದ ಸಾರು, ಸಂತೆಯ ಈರುಳ್ಳಿ, ಒಡೆಯದ ಕೊಡ, ಎಲ್ಲವೂ ಅಲ್ಲೇ ಇದ್ದರೆ? ಆ ಮನುಷ್ಯ ಏನನ್ನೂ ಕೇಳಿಸಿಕೊಳ್ಳುವುದಿಲ್ಲ ಎಂದು ನಾವೆಲ್ಲ ನಕ್ಕದ್ದೇ ನಕ್ಕದ್ದು.

"ರೊಟ್ಟಿ ತಣ್ಣಗಾಗ್ತೈತೆ, ಏಳ್ರಿ ಮೇಲೆ" ಅಂದರು ದೊಡ್ಡಪ್ಪ. ಆಮೇಲೆ ಕೊನೆಯದು. "ನಾನು ಇಷ್ಟೊತ್ತು ಏನಂದೆ, ತಿರುಗಿ ಹೇಳ್ರಿ ನೋಡಾನ."

ಮೊದಲ ಸಲ ತಲೆಯೆತ್ತಿ ಹೆಂಡತಿಯ ಮುಖ ನೋಡಿದರು. ಗುಣಿಯೊಳಗೆ ಕುಳಿತೂ ಅವರ ಮುಖದ ಮೇಲೆ ಗೊಂದಲ ಬಂದದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

"ಇಲ್ಲಿ ನಾನು ಹ್ಞೂಂ ಅಂದಿದ್ದೆ" ಅಂದರು. "ಈಗ ಯಾರು ಅನ್ಬೇಕು?"

ದೊಡ್ಡವ್ವ ಬಾಯಿಗೆ ಅಡ್ಡವಿದ್ದ ಸೆರಗನ್ನು ಎಡಗೈಯಿಂದ ತೆಗೆದಳು. ತುಟಿ ಒಂದು ಕಡೆಗೆ ಎಳೆಯಿತು. ತಡವಾಯಿತು.

"ಹ್ಞೂಂ" ಅಂದಳು.